ಎರಡು ಚುಕ್ಕೆಯ ತಂಬಿಗೆ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಂಬಿಗೆ ಇದೆ. ನನ್ನದಲ್ಲ, ನನ್ನ ತಂಗಿ ಶಾಂತಾಳದು. ಪಂಚಮಿಗೆ ಬಂದಾಗ ಅದರಲ್ಲಿ ತುಪ್ಪ ತಂದಿದ್ದಳು. ತುಪ್ಪ ಮುಗಿದು ಆರು ತಿಂಗಳಾಯಿತು, ತಂಬಿಗೆ ನಮ್ಮಲ್ಲೇ ಉಳಿದಿದೆ. ಹೆಸರು ಕೊರೆದ ಪಾತ್ರೆ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯದಿಂದ ಅವಳು ಕೇಳಿಲ್ಲ, ಅದೇ ಧೈರ್ಯದಿಂದ ನಾನು ಕಳಿಸಿಲ್ಲ.

ಪಾತ್ರೆಗೆ ಹೆಸರು ಕೊರೆಸುವುದು ನಮ್ಮ ಕಡೆ ಸೊಗಸಿಗಲ್ಲ, ಭದ್ರತೆಗೆ. ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಎಲ್ಲರ ಮನೆಯ ಪಾತ್ರೆಗಳೂ ಅಲ್ಲಿಗೆ ಹೋಗುತ್ತವೆ. ಉಂಡು ತೊಳೆದಾದ ಮೇಲೆ ಹೆಂಗಸರು ಅಂಗಳದಲ್ಲಿ ಕುಳಿತು, ಒಂದೊಂದನ್ನೇ ಬೆಳಕಿಗೆ ಹಿಡಿದು ಓದಿ, ಅವರವರ ಮನೆಗೆ ದಾಟಿಸುತ್ತಾರೆ. ಓದು ಬಾರದ ನಮ್ಮ ಅವ್ವ ಹೆಬ್ಬೆರಳಿಂದ ಕೊರೆದ ಅಕ್ಷರದ ಚುಕ್ಕೆಗಳನ್ನು ಸವರಿ ತನ್ನದನ್ನು ಹೆಕ್ಕುತ್ತಿದ್ದಳು. ಮೊದಲು ಹೆಸರು, ಆಮೇಲೆ ಊರು. ಕೊರೆಯುವ ಕ್ರಮ ಹೀಗೆ. ಶಾಂತಾಳ ಈ ತಂಬಿಗೆಯ ಮೇಲೆ ಹೆಸರು ಮಾತ್ರ ಇದೆ. ಊರು ಇರಬೇಕಾದ ಜಾಗದಲ್ಲಿ ಎರಡು ಚುಕ್ಕೆ. ಮನೆಗೆ ಬಂದವರು ನೀರು ಕುಡಿದು, ತಂಬಿಗೆ ತಿರುಗಿಸಿ, ‘ಇದೇನ್ರೀ, ಕೊರಿಯವ ನಿದ್ದಿ ಹೋದನೇನು?’ ಎಂದು ಕೇಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಆ ಎರಡು ಚುಕ್ಕೆಯ ಹಿಂದೆ ಒಂದು ಜೀಪು, ಎರಡು ಹಗಲು ಮತ್ತು ಲೆಕ್ಕವಿಲ್ಲದಷ್ಟು ರೊಟ್ಟಿ ಇವೆ ಎಂದು ನೀರು ಕುಡಿಯಲು ಬಂದವರಿಗೆ ಹೇಳುವುದು ಹೇಗೆ?

ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ತವರು ಸೇಡಂ. ನಾನು ಹುಟ್ಟಿದ್ದು ಅಲ್ಲಿ, ಅಪ್ಪ ಹುಟ್ಟಿದ್ದು ಅಲ್ಲಿ, ಅಜ್ಜ ಸತ್ತದ್ದು ಅಲ್ಲಿ. ಆದರೂ ಸೇಡಮಿನಲ್ಲಿ ನಮ್ಮನ್ನು ಕರೆಯುತ್ತಿದ್ದುದು ‘ಚಿಂಚೋಳಿಯವರು’ ಎಂದು. ನಮ್ಮ ಸೀಮೆಯಲ್ಲಿ ಒಂದು ಮನೆತನ ಬೇರೆ ಊರಿಗೆ ಹೋಗಿ ನೆಲೆಸಿದರೆ, ಅಲ್ಲಿನವರು ಬಿಟ್ಟು ಬಂದ ಊರಿನ ಹೆಸರನ್ನೇ ಅವರ ಕೊರಳಿಗೆ ಕಟ್ಟುತ್ತಾರೆ. ನಾಲ್ಕು ತಲೆಮಾರು ಆ ಊರಿನ ಬಾವಿಯ ನೀರು ಕುಡಿದರೂ ಬಿಚ್ಚುವುದಿಲ್ಲ. ಚಿಕ್ಕವಳಿದ್ದಾಗ ಶಾಲೆಯ ಗೆಳತಿಯರು ‘ನಿಮ್ಮೂರಿಗಿ ಯಾವಾಗ ಹೋಗ್ತಿ?’ ಎಂದು ಕೇಳುತ್ತಿದ್ದರು. ನಾನು ನೋಡಿರದ ಚಿಂಚೋಳಿಯ ಬಗ್ಗೆ, ಅಲ್ಲಿ ನಮ್ಮದೊಂದು ಮಾಳಿಗೆ ಮನೆ ಇದೆ, ಅಂಗಳದಲ್ಲಿ ನವಿಲು ಬರುತ್ತದೆ ಎಂದು ಹೇಳಿ ಮರ್ಯಾದೆ ಉಳಿಸಿಕೊಂಡಿದ್ದೆ.

ಅಪ್ಪನಿಗೆ ಇಂಥ ಚಿಂತೆ ಇರಲಿಲ್ಲ. ಅವನು ತಹಸೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದವ. ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ರಾಜ್ಯ ಬದಲಾದ ಮೇಲೆ, ನಲವತ್ತು ಸಮೀಪಿಸಿದಾಗ, ನನ್ನ ಪಾಟಿಯನ್ನೇ ಕಡ ತೆಗೆದುಕೊಂಡು ಕನ್ನಡ ಅಕ್ಷರ ತಿದ್ದಿ ಇಲಾಖೆಯ ಪರೀಕ್ಷೆ ಪಾಸು ಮಾಡಿದ್ದ. ‘ನಿಜಾಮರದಾಯ್ತು, ಹೈದರಾಬಾದ್ ಆಯ್ತು, ಮೈಸೂರಾಯ್ತು, ಈಗ ಕರ್ನಾಟಕ ಆಗ್ಯಾದ. ನಮ್ಮ ಮನಿ ಒಂದು ಗೇಣು ಅಲ್ಲಾಡಿಲ್ಲ,’ ಎಂದು ಹೇಳಿ ನಗುತ್ತಿದ್ದ. ಆಡುವುದು ಕನ್ನಡ, ಮನೆಯ ಟಿಪ್ಪಣಿ ಬರೆಯುವುದು ಉರ್ದು. ಹಾಗಾಗಿ ಅಪ್ಪ ಏನು ಬರೆದಿಟ್ಟಿದ್ದಾನೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಅವನಿಗೆ ಸಂಸಾರದಲ್ಲಿ ಸಿಕ್ಕಿದ್ದ ಒಂದೇ ಒಂದು ಏಕಾಂತ.

ಶಾಂತಾಳಿಗೆ ನಾಲವಾರದ ಸಂಬಂಧ ಬಂತು. ಹುಡುಗ ರೈಲ್ವೆಯಲ್ಲಿ ನೌಕರ. ನೋಡಲು ಬಂದಾಗ ಚಹಾ ಕುಡಿದು, ಕಪ್ಪುಬಸಿಯನ್ನು ಎಲ್ಲಿಡಬೇಕೆಂದು ತಿಳಿಯದೆ, ತಾನೇ ಎದ್ದು ಬಚ್ಚಲಿಗೆ ಹೋಗಿ ತೊಳೆದಿಟ್ಟು ಬಂದ. ಗಂಡು ಕಡೆಯವರು ತಲೆ ತಗ್ಗಿಸಿದರು. ಒಳಗೆ ಬಾಗಿಲ ಹಿಂದೆ ನಿಂತಿದ್ದ ಶಾಂತಾ ಮಾತ್ರ ನನ್ನ ಕೈ ಹಿಂಡಿದಳು. ಅವಳಿಗೆ ಇಪ್ಪತ್ತಾರು ತುಂಬಿತ್ತು. ಅದಕ್ಕೆ ಮುಂಚೆ ಬಂದ ಐದಾರು ಗಂಡುಗಳಲ್ಲಿ ಯಾರಿಗೂ ಅವಳು ನನ್ನ ಕೈ ಹಿಂಡಿರಲಿಲ್ಲ.

ಎಲ್ಲಾ ಕುದುರಿದ ಮೇಲೆ ಹುಡುಗನ ದೊಡ್ಡಪ್ಪ ಶರಣಪ್ಪನವರು ರುಮಾಲು ಸರಿಮಾಡಿಕೊಂಡು ಕೇಳಿದರು: ‘ಎಲ್ಲಾ ಬರೋಬರ್ ಅದರಿ. ನಿಮ್ಮ ಮೂಲ ಯಾವುದು?’

‘ಚಿಂಚೋಳಿ,’ ಎಂದ ಅಪ್ಪ.

‘ಅದು ಮಂದಿ ಅನ್ನೋದು. ಅದರ ಹಿಂದ?’

ಅಪ್ಪನಿಗೆ ಗೊತ್ತಿರಲಿಲ್ಲ. ಶರಣಪ್ಪನವರು ತಮ್ಮದು ಗೊತ್ತಿದೆ ಎಂದರು. ಸನ್ನತಿ, ಭೀಮಾ ಹೊಳೆಯ ದಂಡೆ, ಏಳು ತಲೆಮಾರಿನ ಹೆಸರು ಬಾಯಲ್ಲೇ ಇದೆ. ನಿಮ್ಮದೂ ಸನ್ನತಿಯೇ ಮೂಲವೆಂದಾದರೆ ಎರಡೂ ಒಂದೇ ಮನೆತನ. ಹುಡುಗ ಹುಡುಗಿ ಅಣ್ಣತಂಗಿ ಆದಂತೆ, ಲಗ್ನ ಕೂಡದು. ‘ನೋಡಿಕೊಂಡು ಹೇಳ್ರಿ. ಬರೋ ಸೋಮವಾರ ಬರ್ತೀನಿ,’ ಎಂದು ಎದ್ದರು. ಅಣ್ಣತಂಗಿ ಎಂದಾಗ ಶಾಂತಾ ನನ್ನ ಕೈ ಬಿಟ್ಟಳು.

ಅಪ್ಪ ಸುಳ್ಳು ಹೇಳುವವನಲ್ಲ. ಇದು ಅವನ ಗುಣವೆಂದು ಊರು ಹೊಗಳುತ್ತಿತ್ತು, ಅವ್ವ ಮಾತ್ರ ಇದನ್ನು ರೋಗಗಳ ಪಟ್ಟಿಗೆ ಸೇರಿಸಿದ್ದಳು. ಮೂಲ ಕೇಳಿಕೊಂಡು ಬರಲು ಒಂದು ಜೀಪು ಗೊತ್ತುಮಾಡಿದ. ಅದರ ಡ್ರೈವರ್ ಮೆಹಬೂಬ್ ಚಾಚಾ ಅಪ್ಪನ ಜೊತೆ ಓದಿದವರು. ನನ್ನ ಗಂಡನ ಊರಾದ ವಾಡಿಯಿಂದ ನನ್ನನ್ನೂ ಕರೆಸಿಕೊಂಡ. ನಾನು ಹೋದದ್ದು ಸಂಶೋಧನೆಗಲ್ಲ. ಅಪ್ಪನ ಮಾತ್ರೆ, ರೊಟ್ಟಿ ಗಂಟು ಮತ್ತು ಎಣ್ಣೆಗಾಯಿ ಡಬ್ಬಿ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಹೊರಡುವಾಗ ಶಾಂತಾ ನನ್ನ ಹತ್ತಿರ ಬಂದು ಡಬ್ಬಿಯ ಮುಚ್ಚಳ ಗಟ್ಟಿ ಮಾಡುವ ನೆಪದಲ್ಲಿ ಹೇಳಿದಳು: ‘ಅಕ್ಕಾ, ಯಾರರೆ ಸನ್ನತಿ ಅಂದ್ರ, ಅಪ್ಪಗ ಬರ್ಕೊಳ್ಳಾಕ ಬಿಡಬ್ಯಾಡ.’

ನಾನು ಹೂಂ ಎಂದೆ. ಹೇಗೆ ತಡೆಯುವುದೆಂದು ನನಗೆ ತಿಳಿದಿರಲಿಲ್ಲ.

ಆಗ ತೊಗರಿ ಕೊಯ್ಲಿನ ದಿನಗಳು. ಜೀಪಿಗೆ ಮೇಲೆ ಟಾರ್ಪಾಲು, ಬದಿಗೆ ಗಾಳಿ ಮತ್ತು ಧೂಳು. ಚಿಂಚೋಳಿ ಮುಟ್ಟುವಷ್ಟರಲ್ಲಿ ನನ್ನ ಹಸಿರು ಸೀರೆ ಯಾವ ಬಣ್ಣದ್ದೆಂದು ನೆನಪಿನಿಂದ ಹೇಳಬೇಕಾಗಿತ್ತು. ಅಪ್ಪನ ದೂರದ ಸೋದರತ್ತೆ ಗುರವ್ವ ಅಲ್ಲಿದ್ದಳು. ಪತ್ರ ಬರೆಯದೆ ಹೋಗಿದ್ದೆವು. ನಮ್ಮ ಕಡೆ ಮುನ್ಸೂಚನೆ ಇಲ್ಲದೆ ನೆಂಟರ ಮನೆಯ ಮುಂದೆ ಜೀಪು ನಿಂತರೆ ಅದಕ್ಕೆ ಒಂದೇ ಅರ್ಥ. ಗುರವ್ವತ್ತೆ ಅಪ್ಪನ ಮುಖ ನೋಡಿದ್ದೇ ತಡ, ಸೆರಗು ಬಾಯಿಗಿಟ್ಟು ‘ಯಾರು ಹೋದ್ರೋ ನನ್ನ ತಮ್ಮಾ’ ಎಂದು ಶುರು ಮಾಡಿದಳು. ಪಕ್ಕದ ಮನೆಯವರೂ ಬಂದು ಕೂಡಿಕೊಂಡರು.

‘ಯಾರೂ ಹೋಗಿಲ್ಲ ಅತ್ತಿ, ಎಲ್ಲಾರೂ ಆರಾಮ ಅದೀವಿ.’

‘ಖರೇನಾ?’

‘ಖರೇ.’

ಗುರವ್ವತ್ತೆ ಕಣ್ಣೊರೆಸಿಕೊಂಡಳು. ಆರಂಭಿಸಿದ ಅಳು ಅರ್ಧಕ್ಕೆ ನಿಲ್ಲಿಸಿದವರಿಗೆ ಬರುವ ಒಂದು ಸಣ್ಣ ಅಸಮಾಧಾನ ಮುಖದಲ್ಲಿತ್ತು. ‘ಹಂಗಾದ್ರ ಜೀಪ್ ಯಾಕ ತಂದಿ?’ ಎಂದಳು.

ಯಾಕೆ ತಂದೆವೆಂದು ಹೇಳಲು ಉಣ್ಣಬೇಕಿತ್ತು. ಹಸಿದ ಹೊಟ್ಟೆಯವರಿಗೆ ಹಿರಿಯರ ಸುದ್ದಿ ಹೇಳಬಾರದಂತೆ. ಇದು ನಮ್ಮ ಮನೆತನದ ಶಾಸ್ತ್ರವೋ ಅತ್ತೆಯ ಶಾಸ್ತ್ರವೋ ತಿಳಿಯದು, ಆದರೆ ಮುಂದೆ ಹೋದ ಎರಡೂ ಮನೆಗಳಲ್ಲಿ ಇದೇ ಕಾನೂನು ಇತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೇಲೆ ಮಾದಲಿ. ಅಪ್ಪ ಕೈ ತೊಳೆದು, ತನ್ನ ಟಿಪ್ಪಣಿಯ ವಹಿ ಬಿಚ್ಚಿದ.

‘ಅತ್ತಿ, ನಾವು ಮೂಲ ಚಿಂಚೋಳ್ಯವರೇ ಹೌದಲ್ಲ?’

‘ಎಲ್ಲಿ ಚಿಂಚೋಳಿ? ಇಲ್ಲಿ ಮಂದಿ ನಮಗ ಏನಂತಾರ ಗೊತ್ತದೇನು? ಚಿತ್ತಾಪುರದವರು ಅಂತಾರ. ಬಾಗಲಕ ನಿಂತು ಕೇಳು ಬೇಕಾದ್ರ.’

ಅಪ್ಪ ನಿಜವಾಗಿಯೂ ಬಾಗಿಲಲ್ಲಿ ನಿಂತು ಕೇಳಿದ. ಹುರಳಿ ಒಣಗಿಸುತ್ತಿದ್ದ ಎದುರು ಮನೆಯ ಮುದುಕ ತಲೆಯೆತ್ತದೆ ‘ಅದು ಚಿತ್ತಾಪುರದವರ ಮನಿರಿ, ಯಾರು ಬೇಕಾಗಿತ್ತು?’ ಎಂದ. ನವಿಲು ಬರುವ ಅಂಗಳ ಎಲ್ಲಿದೆಯೆಂದು ನಾನು ಯಾರನ್ನೂ ಕೇಳಲಿಲ್ಲ. ಅಲ್ಲಿ ಒಂದು ಎಮ್ಮೆ ಕಟ್ಟಿತ್ತು.

ಚಿತ್ತಾಪುರದ ದಾರಿಯಲ್ಲಿ ಮೆಹಬೂಬ್ ಚಾಚಾ ಜೀಪು ನಿಲ್ಲಿಸಿ ಅಪ್ಪನ ವಹಿ ಇಸಿದುಕೊಂಡು ಓದಿದರು. ಉರ್ದು ಓದಲು ಬರುವವರು ಜೀಪಿನಲ್ಲಿ ಅವರಿಬ್ಬರೇ. ನಮ್ಮ ವಂಶವೃಕ್ಷವನ್ನು ನೋಡಿ ಅವರು, ‘ಮಾಲಕ್, ಇಲ್ಲಿ ನಿಮ್ಮ ಮುತ್ಯಾನ ಹೆಸರ ಎರಡು ಸಲ ಬರದೀರಿ. ಒಬ್ಬಾವ ತನಗ ತಾನೇ ಮಗ ಆಗ್ಯಾನ,’ ಎಂದರು. ಅಪ್ಪ ತಿದ್ದಿದ. ಅಲ್ಲಿಂದ ಮುಂದೆ ನಮ್ಮ ಮನೆತನದ ಇತಿಹಾಸಕ್ಕೆ ಮೆಹಬೂಬ್ ಚಾಚಾನೇ ಹೊಣೆಗಾರ. ಯಾವ ಅಜ್ಜ ಯಾರ ಮಗ ಎಂದು ಮರೆತಾಗಲೆಲ್ಲ ಅಪ್ಪ ಅವರನ್ನೇ ಕೇಳುತ್ತಿದ್ದ.

ಚಿತ್ತಾಪುರದಲ್ಲಿ ನಮ್ಮ ಮನೆತನದ ಚನ್ನಬಸಪ್ಪ ಕಾಕಾ ಎಂಬವರದು ಅರಿವೆ ಅಂಗಡಿ. ಅವರು ಅತ್ತೆಯಂತೆ ಅಳಲಿಲ್ಲ. ಜೀಪು, ವಹಿ, ಕಚೇರಿಯ ಗುಮಾಸ್ತ, ಮೂರನ್ನೂ ಒಟ್ಟಿಗೆ ನೋಡಿ ಅವರು ಬೇರೆ ಅರ್ಥ ಮಾಡಿಕೊಂಡರು. ನಾವು ಕುಳಿತುಕೊಳ್ಳುವ ಮೊದಲೇ, ‘ಆ ಕೆಳಗಿನ ಹೊಲ ಇಡೀ ಕಲ್ಲು ಅದ ನೋಡ್ರಿ. ಅದರಾಗ ಯಾರದೂ ಪಾಲಿಲ್ಲ,’ ಎಂದರು.

‘ನಾವು ಹೊಲ ಕೇಳಾಕ ಬಂದಿಲ್ಲ, ಕಾಕಾ. ಮೂಲ ಕೇಳಾಕ ಬಂದೀವಿ.’

‘ಮೂಲ ಅಂದ್ರ ಹೊಲದ ಮೂಲನಾ?’

ಅರ್ಧ ತಾಸು ಹಿಡಿಯಿತು. ನಮಗೆ ಹೊಲ ಬೇಡ ಎಂದು ಖಾತ್ರಿಯಾದ ಮೇಲೆ ಕಾಕಾ ಎಷ್ಟು ಉದಾರಿಯಾದರೆಂದರೆ, ನನಗೆ ಕುಬಸದ ಕಣ ಕೊಟ್ಟರು, ಅಪ್ಪನಿಗೆ ಟವೆಲ್ ಹೊದಿಸಿದರು, ಒಳಗೆ ಹುಗ್ಗಿ ಮಾಡಿಸಿದರು. ಎರಡನೆಯ ಊಟ. ಉಂಡು ಮುಗಿಸಿದ ಮೇಲೆ ಕಾಕಾ ಹೇಳಿದರು: ‘ನಾವೆಲ್ಲಿ ಚಿತ್ತಾಪುರದವರು? ಇಲ್ಲಿ ನಮಗ ಶಹಾಬಾದದವರು ಅಂತಾರ. ಅಂಗಡಿ ಪಾಟಿ ಮ್ಯಾಲ ನೋಡ್ರಿ, ಹಂಗೇ ಬರ್ಸೀನಿ.’

ಅಂಗಡಿಯ ಹೆಸರಿನ ಹಲಗೆಯ ಮೇಲೆ ಹಾಗೇ ಬರೆಸಿದ್ದರು. ಸನ್ನತಿಯ ಹೆಸರು ಇನ್ನೂ ಬಂದಿರಲಿಲ್ಲ. ನಾನು ಉಸಿರುಬಿಟ್ಟೆ.

ಆ ಸಂಜೆ ವಾಡಿಯ ನಮ್ಮ ಮನೆಯಲ್ಲಿ ತಂಗಿದೆವು. ನಮ್ಮ ಯಜಮಾನರು ಊಟಕ್ಕೆ ಎಬ್ಬಿಸಿದಾಗ ಅಪ್ಪ ಕೈಮುಗಿದ. ವಾಡಿಯಲ್ಲಿ ನನ್ನನ್ನು ಯಾರೂ ಹೆಸರಿಂದ ಕರೆಯುವುದಿಲ್ಲ, ‘ಸೇಡಂ ವೈನಿ’, ಅಂದರೆ ಸೇಡಮಿನ ಅತ್ತಿಗೆ, ಎನ್ನುತ್ತಾರೆ. ಇದರ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಮರುದಿನದ ರೊಟ್ಟಿಗೆ ಹಿಟ್ಟು ಸಾಕೇ ಎಂದು ನೋಡುತ್ತಿದ್ದೆ.

ಬೆಳಿಗ್ಗೆ ಕಾಗಿಣಾ ಸೇತುವೆ ದಾಟಿ ಶಹಾಬಾದಿಗೆ ಹೋದೆವು. ಅಲ್ಲಿ ಬೇಲಿಯೂ ಕಲ್ಲಿನದು, ಛಾವಣಿಯೂ ಕಲ್ಲಿನದು, ಚಹಾದಂಗಡಿಯ ಬೆಂಚೂ ಕಲ್ಲಿನದು. ಪಾಲಿಶ್ ಮಾಡುವ ಅಂಗಳಗಳಿಂದ ಹಾಲಿನಂಥ ನೀರು ಹರಿದು ದಾರಿಗೆ ಬರುತ್ತಿತ್ತು. ನೀಲಮ್ಮ ಆಯಿ ಇದ್ದದ್ದು ಅಂಥ ಒಂದು ಅಂಗಳದ ಹಿಂದೆ. ಚನ್ನಬಸಪ್ಪ ಕಾಕಾನ ಚಿಕ್ಕಮ್ಮ, ಎಂಬತ್ತು ದಾಟಿದವಳು, ನಮ್ಮ ಮನೆತನದಲ್ಲಿ ಅವಳಿಗಿಂತ ಹಿರಿಯರು ಉಳಿದಿರಲಿಲ್ಲ. ಅವಳು ಹೇಳಿದ್ದೇ ಕೊನೆಯ ಮಾತು.

ಉಂಡೆವು. ಆಯಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಅಪ್ಪ ಪೆನ್ನಿನ ಟೋಪಿ ತೆಗೆದ. ನನ್ನ ಕೈಯಲ್ಲಿ ತುಂಬಿದ ಚಹಾದ ಬಸಿ ಇತ್ತು.

‘ಹೇಳ್ತೀನಿ ಕೇಳು, ತಮ್ಮಾ. ನಮ್ಮವರು ಹೊಳಿ ದಾಟಿ ಬಂದವರು.’

ಹೊಳೆ ಎಂದಾಗ ನನಗೆ ಕಂಡದ್ದು ಭೀಮೆಯ ದಂಡೆ, ದಂಡೆಯ ಮೇಲೆ ಸನ್ನತಿ. ನನ್ನ ಕೈ ತಾನಾಗಿಯೇ ವಾಲಿತು ಎಂದು ಇಂದಿಗೂ ಹೇಳುತ್ತೇನೆ. ಚಹಾ ಪೂರ್ತಿ ಅಪ್ಪನ ವಹಿಯ ಮೇಲೆ ಬಿತ್ತು. ಎರಡು ದಿನದ ಅಜ್ಜಂದಿರೆಲ್ಲ ನೀಲಿಯಾಗಿ ಕಲ್ಲಿನ ಮೇಲೆ ಹರಿದರು.

‘ಏನು ಮಾಡ್ದಿ ಯವ್ವಾ?’ ಎಂದ ಅಪ್ಪ. ಬೈಯಲಿಲ್ಲ. ನನ್ನನ್ನು ಒಮ್ಮೆ ನೋಡಿದ, ಅಷ್ಟೇ. ಆಮೇಲೆ ಒದ್ದೆ ವಹಿ ಮುಚ್ಚಿ, ಪೆನ್ನಿಗೆ ಟೋಪಿ ಹಾಕಿ, ಸುಳ್ಳು ಹೇಳಲು ಬಾರದವನ ದನಿಯಲ್ಲಿ ಕೇಳಿದ: ‘ಯಾವ ಹೊಳಿ, ಆಯಿ?’

‘ಯಾವುದಂದ್ರ? ನೀವು ಮುಂಜಾನಿ ದಾಟಿ ಬಂದಿರಲ್ಲ, ಕಾಗಿಣಾ. ಆಚಿ ಕಡಿಯವರು ನಾವು. ಇಲ್ಲಿ ಮಂದಿ ನಮಗ ಏನಂತಾರ ಹೇಳು?’

ಆಯಿ ಎಲೆ ಮಡಿಸಿ ಬಾಯಿಗಿಟ್ಟಳು.

‘ಸೇಡಮಿನವರು ಅಂತಾರ.’

ಅಪ್ಪ ಒದ್ದೆ ವಹಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟ. ‘ಸೇಡಮಿನಾಗ ನಮ್ಮ ಮನಿ ಅದ ಅಂತ ನನ್ನ ಮಾವ ಅಂತಿದ್ದರು,’ ಎಂದು ಆಯಿ ಮುಂದುವರಿಸಿದಳು. ‘ನಾ ನೋಡಿಲ್ಲ. ಒಮ್ಮಿ ಹೋಗಿ ನೋಡಬೇಕು ಅಂತ ಆಸಿ ಅದ. ನೀವರೆ ನೋಡೀರೇನು?’

‘ನೋಡೀವಿ, ಆಯಿ,’ ಎಂದ ಅಪ್ಪ.

‘ಹ್ಯಾಂಗದ?’

‘ಚಲೋ ಅದ. ಹಿತ್ತಲದಾಗ ಬೇವಿನ ಗಿಡ ಅದ. ಮಾಳಗಿ ಮಳಿಗಾಲದಾಗ ಜರಾ ಸೋರ್ತದ.’

ಆಯಿ ಆನಂದದಿಂದ ಕೇಳಿದಳು. ಅಪ್ಪ ಅವಳಿಗೆ ಬಚ್ಚಲಿನ ಕಲ್ಲಿನವರೆಗೆ ಎಲ್ಲ ವರ್ಣಿಸಿದ. ಹಿಂದಿರುಗುವಾಗ ಸೇತುವೆಯ ಮೇಲೆ ಮೆಹಬೂಬ್ ಚಾಚಾ, ‘ಮಾಲಕ್, ಮೊದಲೇ ಹೇಳಿದ್ರ ಜೀಪ್ ನಿಮ್ಮ ಮನಿ ಸುತ್ತ ಒಂದು ಸುತ್ತು ಹೊಡದು ನಿಲ್ಲಿಸ್ತಿದ್ದೆ,’ ಎಂದರು. ನಾನು ನಕ್ಕೆ. ಅಪ್ಪ ನಗಲಿಲ್ಲ. ಅವನಿಗೆ ಸೋಮವಾರದ ಚಿಂತೆ. ಸನ್ನತಿ ಅಲ್ಲ ಎಂದು ಯಾರೂ ಹೇಳಿರಲಿಲ್ಲ. ಸನ್ನತಿ ಎಂದೂ ಯಾರೂ ಹೇಳಿರಲಿಲ್ಲ.

ಸೋಮವಾರ ಶರಣಪ್ಪನವರು ಬಂದರು. ರುಮಾಲು ಅದೇ. ಅಪ್ಪ ಒಣಗಿದ ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದ. ಚಿಂಚೋಳಿಯಲ್ಲಿ ಚಿತ್ತಾಪುರದವರು, ಚಿತ್ತಾಪುರದಲ್ಲಿ ಶಹಾಬಾದದವರು, ಶಹಾಬಾದದಲ್ಲಿ ಸೇಡಮಿನವರು. ಅಷ್ಟು ದೂರ ಹೋಗಿ ನಮ್ಮ ಮನೆಗೇ ಬಂದು ಮುಟ್ಟಿದೆವು. ಅದರ ಹಿಂದೆ ತನಗೆ ಗೊತ್ತಿಲ್ಲ ಎಂದ.

ಶರಣಪ್ಪನವರು ತಲೆ ಅಲ್ಲಾಡಿಸಿದರು. ‘ಮೂಲ ಇಲ್ಲದ ಮನಿಯಾಯ್ತಲ್ರಿ. ಇದು ಹ್ಯಾಂಗ ಆಗಬೇಕು?’

ಬಾಗಿಲ ಹಿಂದೆ ಶಾಂತಾ ಗೋಡೆಗೆ ಹಣೆ ಆನಿಸಿ ನಿಂತಿದ್ದಳು. ಅವ್ವ ಚಹಾ ತಂದಳು. ಗಂಡಸರ ಮಾತಿನಲ್ಲಿ ಅವಳು ಬಾಯಿ ಹಾಕಿದವಳಲ್ಲ. ಬಸಿ ಅವರ ಮುಂದಿಟ್ಟು, ಸೆರಗು ಸರಿಮಾಡಿಕೊಂಡು, ಊಟವಾಯಿತೇ ಎಂದು ಕೇಳುವ ಹಾಗೆ ಕೇಳಿದಳು:

‘ಅಣ್ಣಾವ್ರೆ, ನೀವು ಸನ್ನತಿಗಿ ಹೋಗ್ತಿರ್ತೀರಿ?’

‘ವರ್ಷಾ ಹೋಗ್ತೀವಿ. ದೇವಿ ದರ್ಶನಕ.’

‘ಅಲ್ಲಿ ನಿಮ್ಮ ಮನಿ ಅದೇನ್ರಿ?’

‘ಮನಿ ಈಗಿಲ್ಲ. ಗುಡ್ಯಾಗೇ ಇಳಕೊಳ್ತೀವಿ.’

‘ಅಲ್ಲಿ ಮಂದಿ ನಿಮಗ ಏನಂತಾರ್ರಿ?’

‘ಏನಂತಾರ? ನಾಲವಾರದವರು ಬಂದ್ರು ಅಂತಾರ,’ ಎಂದರು ಶರಣಪ್ಪನವರು.

ಎಂದು, ಬಸಿ ತುಟಿಯ ಹತ್ತಿರ ಹಿಡಿದು ಹಾಗೇ ಕುಳಿತರು. ಹೊರಗೆ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮೆಹಬೂಬ್ ಚಾಚಾ ಒಳಗೆ ತಲೆ ಹಾಕಿ, ‘ಸಾಹೇಬ್ರ, ಜೀಪ್ ಹೊರಗ ನಿಂತದ. ಸನ್ನತಿಗಿ ಹೋಗಿ ಕೇಳಿ ಬರೋಣೇನ್ರಿ? ಅಲ್ಲಿಂದ ಎಲ್ಲಿ ಹೇಳ್ತಾರೋ ಅಲ್ಲಿಗಿ. ಊಟ ಮಾತ್ರ ಭಾಳ ಮಾಡ್ಬೇಕಾಗ್ತದ,’ ಎಂದರು.

ಶರಣಪ್ಪನವರು ಚಹಾ ಮುಗಿಸಿದರು. ಏಳು ತಲೆಮಾರಿನ ಹೆಸರು ಬಾಯಲ್ಲಿದ್ದವರು ಮುಂದೆ ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ.

‘ಲಗ್ನಕ್ಕ ದಿನಾ ನೋಡ್ರಿ,’ ಎಂದರು.

ಬಾಗಿಲ ಹಿಂದೆ ನನ್ನ ಕೈ ಮತ್ತೆ ಹಿಂಡಿಸಿಕೊಂಡಿತು, ಈ ಸಲ ಬಳೆ ಒಡೆಯುವಷ್ಟು.

ಲಗ್ನಕ್ಕೆ ಪಾತ್ರೆ ಕೊಳ್ಳಲು ಅಪ್ಪನ ಜೊತೆ ನಾನೇ ಬಜಾರಿಗೆ ಹೋಗಿದ್ದೆ. ಕೊರೆಯುವವನು ಮೊದಲು ಈ ತಂಬಿಗೆಯನ್ನೇ ತೊಡೆಯ ಸಂದಿಯಲ್ಲಿ ಇಟ್ಟುಕೊಂಡು ಸಣ್ಣ ಸುತ್ತಿಗೆಯಿಂದ ಟಕಟಕ ಎಂದು ಶಾಂತಾ ಎಂದು ಕೊರೆದ. ‘ಊರು?’ ಎಂದ. ಅಪ್ಪ ಬಗ್ಗಿ ಅವನ ಕಿವಿಯ ಹತ್ತಿರ ಏನೋ ಹೇಳಿದ. ಸುತ್ತಿಗೆ ಎರಡು ಸಲ ಬಿತ್ತು. ಅಪ್ಪ ಅವನ ಕೈ ಹಿಡಿದ.

‘ತಡಿಯಪ್ಪಾ. ಇಷ್ಟೇ ಸಾಕು.’

ಉಳಿದ ಪಾತ್ರೆಗಳಿಗೆಲ್ಲ ಬರೀ ಹೆಸರು. ದಾರಿಯಲ್ಲಿ ಯಾಕೆ ಎಂದು ಕೇಳಿದೆ. ‘ಜಾಗ ಬಿಟ್ಟೀನಿ. ಆಕಿ ಇರೋ ಊರು ಆಕೀನೇ ಹಾಕಿಸ್ಕೊಳ್ಳಲಿ,’ ಎಂದ. ಅವನ ಕಿವಿಯಲ್ಲಿ ಯಾವ ಊರಿನ ಹೆಸರು ಹೇಳಿದ್ದಿ ಎಂದು ಕೇಳಿದರೆ, ಪಾತ್ರೆಯ ಗಂಟನ್ನು ಹೆಗಲು ಬದಲಿಸಿ ಮುಂದೆ ನಡೆದ. ಅಪ್ಪ ಈಗಿಲ್ಲ, ಮೆಹಬೂಬ್ ಚಾಚಾನೂ ಇಲ್ಲ. ಅವನ ವಹಿ ಇದೆ, ಚಹಾದ ಕಲೆಯೊಂದಿಗೆ, ಓದುವವರಿಲ್ಲ.

ಶಾಂತಾ ಇಂದಿಗೂ ಊರು ಕೊರೆಸಿಲ್ಲ. ನಾಲವಾರದಲ್ಲಿ ಅವಳನ್ನು ಸೇಡಮಿನಾಕಿ ಎನ್ನುತ್ತಾರೆ. ಸೇಡಮಿಗೆ ಬಂದರೆ ಓಣಿಯವರು ನಾಲವಾರದಾಕಿ ಬಂದಳು ಎನ್ನುತ್ತಾರೆ. ಬಸಿ ತೊಳೆಯುವುದು ಇನ್ನೂ ಅವಳ ಗಂಡನೇ.

ಹೋದ ತಿಂಗಳು ವಾಡಿಯಲ್ಲಿ ನನ್ನ ಬಸುರಿ ಮಗಳ ಕುಬಸದ ಕಾರ್ಯ ಮಾಡಿದೆವು. ಓಣಿಯ ಪಾತ್ರೆಗಳೆಲ್ಲ ಅಂಗಳದಲ್ಲಿ ರಾಶಿ ಬಿದ್ದಿದ್ದವು. ಅವ್ವನಿಗೆ ಈಗ ಕಣ್ಣು ಸಾಲದು. ಆದರೂ ಬೇಡವೆಂದರೂ ಕೇಳದೆ ಹೆಂಗಸರ ನಡುವೆ ಕುಳಿತು, ಒಂದೊಂದೇ ತಂಬಿಗೆಯನ್ನು ಎತ್ತಿ ಹೆಬ್ಬೆರಳಿಂದ ಸವರುತ್ತಿದ್ದಳು. ಊರು ಬರೆದದ್ದನ್ನೆಲ್ಲ ಬದಿಗಿಟ್ಟಳು. ಒಂದರ ಮೇಲೆ ಬೆರಳು ಹೋಗುತ್ತಾ ಹೋಗುತ್ತಾ ಆ ಎರಡು ಚುಕ್ಕೆಯ ಹತ್ತಿರ ನಿಂತಿತು. ಮುಂದೆ ಏನೂ ಇಲ್ಲವೆಂದು ಮತ್ತೊಮ್ಮೆ ಸವರಿ ನೋಡಿದಳು.

‘ಇದು ನಮ್ಮದು,’ ಎಂದು ತಂಬಿಗೆಯನ್ನು ನನ್ನ ಕಡೆ ಸರಿಸಿದಳು.